ಬೆಕ್ಕಿನ ಹೆಸರು: ಮೊದಲು ಕೂಗಿ ನೋಡಿ, ಆಮೇಲೆ ಇಡಿ

ಬೆಕ್ಕಿನ ಹೆಸರನ್ನು ಬರೆಯುವ ಸಂದರ್ಭ ವರ್ಷಕ್ಕೆ ಎರಡೋ ಮೂರೋ ಬರುತ್ತದೆ: ಲಸಿಕೆ ಕಾರ್ಡಿನ ಮೇಲೆ, ಡಾಕ್ಟರ ರಿಜಿಸ್ಟರಿನಲ್ಲಿ, ಕೊರಳಪಟ್ಟಿಯ ಬಿಲ್ಲೆಯಲ್ಲಿ. ಕೂಗುವುದು ಮಾತ್ರ ದಿನಾ, ಅದೂ ಹತ್ತಾರು ಸಲ. ಮಂಚದ ಕೆಳಗೆ ಬಗ್ಗಿ, ಹಿತ್ತಿಲ ಬಾಗಿಲಲ್ಲಿ ನಿಂತು, ಬಾಯಲ್ಲಿ ಟೂತ್‌ಬ್ರಶ್ ಇಟ್ಟುಕೊಂಡು, ರಾತ್ರಿ ಹನ್ನೊಂದಕ್ಕೆ ಅಕ್ಕಪಕ್ಕದವರಿಗೆಲ್ಲ ಕೇಳಿಸುವ ಹಾಗೆ. ಆದರೂ ಹೆಸರು ಹುಡುಕುವಾಗ ಎಲ್ಲರೂ ಮಾಡುವುದು ಉಲ್ಟಾ ಕೆಲಸ. ಫೋನಿನಲ್ಲಿ ಒಂದು ಪಟ್ಟಿ ತೆರೆದು, ಕಣ್ಣಿಗೆ ಚಂದ ಕಂಡದ್ದನ್ನು ಆರಿಸುತ್ತಾರೆ. ಕಣ್ಣಿಗೆ ಹಿಡಿಸಿದ್ದೆಲ್ಲ ನಾಲಿಗೆಗೆ ಒಗ್ಗುವುದಿಲ್ಲ.

ಉದ್ದ ಹೆಸರಿನ ಗತಿ ನೋಡಿ. ‘ವಿಕ್ರಮಾದಿತ್ಯ’ ಎಂದು ಇಟ್ಟರೆ ನಾಲ್ಕನೇ ದಿನಕ್ಕೆ ‘ವಿಕ್ಕಿ’. ತಿಂಗಳು ಕಳೆಯುವಷ್ಟರಲ್ಲಿ ವಿಕ್ಕು, ವಿಕ್ಕಣ್ಣ, ಕೊನೆಗೆ ಬರೀ ‘ಏ, ಇವನೇ’. ಮನೆಯಲ್ಲಿ ನಾಲ್ಕು ಜನರಿದ್ದರೆ ನಾಲ್ಕು ರೂಪ. ಬೆಕ್ಕಿನ ಕಿವಿಗೆ ಇವು ನಾಲ್ಕು ಬೇರೆ ಬೇರೆ ಸದ್ದು, ಯಾವುದೂ ಸಾಕಷ್ಟು ಸಲ ಕೇಳದೆ ಯಾವುದೂ ನಾಟುವುದಿಲ್ಲ. ಹಾಗಾಗಿ ಮೊದಲು ಕರೆಯುವ ಚಿಕ್ಕ ರೂಪವನ್ನು ತೀರ್ಮಾನಿಸಿ, ಎರಡು ಅಕ್ಷರ, ಹೆಚ್ಚೆಂದರೆ ಮೂರು. ಅದನ್ನು ಹಿಗ್ಗಿಸಿ ಕಾಗದದ ಮೇಲೆ ಎಷ್ಟು ಬೇಕಾದರೂ ಮೆರೆಸಬಹುದು. 1975ರಲ್ಲಿ ಜ್ಯಾಕ್ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ ಒಬ್ಬನೇ ಬರೆದ ಪ್ರಬಂಧದಲ್ಲಿ ಉದ್ದಕ್ಕೂ ‘ನಾವು’ ಎಂದು ಟೈಪ್ ಮಾಡಿಬಿಟ್ಟಿದ್ದ. ಅದನ್ನೆಲ್ಲ ಮತ್ತೆ ಟೈಪ್ ಮಾಡುವ ಬದಲು ತನ್ನ ಸಯಾಮೀಸ್ ತಳಿಯ ಬೆಕ್ಕನ್ನೇ ಸಹಲೇಖಕನನ್ನಾಗಿಸಿದ. ಅಚ್ಚಾದದ್ದು ಎಫ್.ಡಿ.ಸಿ. ವಿಲ್ಲರ್ಡ್ ಎಂದು. ಮೊದಲೆರಡು ಅಕ್ಷರ ಬೆಕ್ಕಿನ ಲ್ಯಾಟಿನ್ ಹೆಸರಿನವು, ‘ವಿಲ್ಲರ್ಡ್’ ಅದರ ಅಪ್ಪನ ಹೆಸರು. ಮನೆಯಲ್ಲಿ ಕರೆಯುತ್ತಿದ್ದದ್ದು ಮೂರನೆಯದಾದ ‘ಸಿ’ಯಲ್ಲಿ ಅಡಗಿದ್ದ ‘ಚೆಸ್ಟರ್’ ಎಂಬ ಹೆಸರಿನಿಂದ. ಕೆಲಸ ಹಂಚಿದರೆ ಹೀಗೆ ಹಂಚಬೇಕು.

ಬೆಕ್ಕಿಗೆ ಹೆಸರು ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ. ಬರುವುದು ಬಿಡುವುದು ಬೇರೆ ಮಾತು. ಜಪಾನಿನ ಅತ್ಸುಕೊ ಸೈತೊ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ಬೆಕ್ಕಿನ ಹೆಸರಿನಷ್ಟೇ ಉದ್ದದ, ಅದೇ ಏರಿಳಿತದ ನಾಲ್ಕು ಬೇರೆ ಪದಗಳನ್ನು 15 ಸೆಕೆಂಡಿಗೊಂದರಂತೆ ಕೇಳಿಸಿದರು. ಬೆಕ್ಕು ಒಂದೆರಡು ಪದಕ್ಕೆ ಕಿವಿ ಕೊಟ್ಟು, ಆಮೇಲೆ ಬೇಜಾರಾಗಿ ಸುಮ್ಮನಾಗುತ್ತದೆ. ಐದನೆಯದಾಗಿ ಅದರ ಹೆಸರು ಬಂದಾಗ ಕಿವಿ ಮತ್ತೆ ಆಡಿತು, ತಲೆ ತಿರುಗಿತು. ಅಪರಿಚಿತರ ದನಿಯಲ್ಲಿ ಹೇಳಿದರೂ ಗುರುತಿಸಿದ ಬೆಕ್ಕುಗಳಿದ್ದವು.

ನಮಗೆ ಇದರಿಂದ ಸಿಗುವ ಪಾಠ: ಉತ್ತರವನ್ನು ಕಾಲಿನಲ್ಲಲ್ಲ, ಕಿವಿಯಲ್ಲಿ ಹುಡುಕಬೇಕು. ಹೆಸರು ಕೂಗಿದಾಗ ಒಂದು ಕಿವಿಯಷ್ಟೇ ಹಿಂದಕ್ಕೆ ತಿರುಗಿ, ಬಾಲದ ತುದಿ ಒಮ್ಮೆ ಅಲುಗಿದರೆ ನಿಮ್ಮ ಹೆಸರು ತಲುಪಿದೆ ಎಂದೇ ಅರ್ಥ. ‘ಈ ಹೆಸರು ಇದಕ್ಕೆ ಹಿಡಿಸಲಿಲ್ಲ’ ಎಂದು ವಾರಕ್ಕೊಂದು ಹೆಸರು ಬದಲಿಸುವವರಲ್ಲಿ ಹೆಚ್ಚಿನವರು ಈ ಕಿವಿಯನ್ನು ನೋಡಿರುವುದೇ ಇಲ್ಲ.

ಸದ್ದಿನ ಲೆಕ್ಕ

ಮನುಷ್ಯರ ಕಿವಿ ಸುಮಾರು 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ. ಬೆಕ್ಕಿನದು 48 ಹರ್ಟ್ಸ್‌ನಿಂದ 85 ಕಿಲೋಹರ್ಟ್ಸ್‌ವರೆಗೆ. ತೆಳು, ಚೂಪು ಸದ್ದುಗಳಲ್ಲಿ ಅದು ನಮಗಿಂತ ಬಹಳ ಮುಂದೆ, ಇಲಿಮರಿಯ ಚೀರಾಟ ಕೇಳಬೇಕಲ್ಲ. ‘ಇಂಥ ಅಕ್ಷರವೇ ಬೆಕ್ಕಿಗೆ ಇಷ್ಟ’ ಎಂಬ ಮಾತನ್ನು ನಾನು ನಂಬುವುದಿಲ್ಲ. ಆದರೆ ಯಾವ ಹೆಸರು ಗದ್ದಲದ ನಡುವೆ ಬೇರೆಯಾಗಿ ನಿಲ್ಲುತ್ತದೆ ಎಂಬುದಕ್ಕೆ ಲೆಕ್ಕವಿದೆ, ಮತ್ತು ಆ ಲೆಕ್ಕದಲ್ಲಿ ಕನ್ನಡ ನಮಗೆ ತುಂಬ ಅನುಕೂಲ ಮಾಡಿಕೊಟ್ಟಿದೆ.

ಮೊದಲನೆಯದು ಕೊನೆಯ ಸ್ವರ. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತವೆ, ಕೂಗುವಾಗ ಆ ಸ್ವರ ತಾನಾಗಿ ಉದ್ದವಾಗುತ್ತದೆ. ‘ಮಸಿ’ ಕೂಗಿನಲ್ಲಿ ‘ಮಸೀ’, ‘ಕೆಂಡ’ ಕೂಗಿನಲ್ಲಿ ‘ಕೆಂಡಾ’. ಅಂದರೆ ಬೆಕ್ಕು ದೂರದಿಂದ ಕೇಳುವುದು ಪಟ್ಟಿಯಲ್ಲಿದ್ದ ಹೆಸರನ್ನಲ್ಲ, ಈ ಎಳೆದ ರೂಪವನ್ನು. ‘ಆ’ ಬಾಯಿ ಅಗಲಿಸಿ ಕೂಗುವ ಸ್ವರ, ಜೋರು ಹೆಚ್ಚು. ‘ಈ’ ಚೂಪು, ಬೇಗ ಬೇರೆಯಾಗಿ ಕೇಳುತ್ತದೆ. ‘ಊ’ ತುಟಿ ಮುಚ್ಚಿಕೊಂಡು ಕೂಗಿದ ಹಾಗೆ, ಗುಂಯ್ ಎನ್ನುತ್ತದೆ. ಮನೆಯೊಳಗೇ ಇರುವ ಬೆಕ್ಕಿಗೆ ಯಾವುದಾದರೂ ನಡೆಯುತ್ತದೆ, ಹೊರಗೆ ತಿರುಗುವ ಬೆಕ್ಕಾದರೆ ‘ಆ’ ಅಥವಾ ‘ಈ’ ನೋಡಿಕೊಳ್ಳಿ. ವ್ಯಂಜನದಲ್ಲಿ ಮುಗಿಯುವ ಪರಭಾಷೆಯ ಹೆಸರನ್ನು ಇಟ್ಟರೆ ಹೇಗೂ ಬಾಯಿ ಅದಕ್ಕೊಂದು ‘ಉ’ ಅಂಟಿಸುತ್ತದೆ: ‘ಮ್ಯಾಕ್ಸ್’ ಎರಡೇ ದಿನಕ್ಕೆ ‘ಮ್ಯಾಕ್ಸೂ’.

ಎರಡನೆಯದು ದ್ವಿತ್ವ. ಚಿಕ್ಕಿ, ತುಕ್ಕು, ಸೊನ್ನೆ, ಒತ್ತು ಇಂಥ ಪದಗಳ ನಡುವೆ ಸದ್ದು ಅರೆಕ್ಷಣ ತಡೆದು ಮತ್ತೆ ಬಿಡುತ್ತದೆ. ಮಾತಿನ ಹರಿವಿನಲ್ಲಿ ಆ ತಡೆ ಎದ್ದು ಕೇಳುತ್ತದೆ. ‘ಲೀಲಾ’, ‘ಮಾಯಾ’, ‘ವಾಯು’ ಇಂಥ ನುಣುಪು ಹೆಸರುಗಳು ಬರೆಯಲು ಚಂದ, ಆದರೆ ಟೀವಿ ಹಾಕಿದ ಕೋಣೆಯಲ್ಲಿ ಕರಗಿಹೋಗುತ್ತವೆ. ಮೊದಲ ಅಕ್ಷರ ಕ, ಚ, ಟ, ತ, ಪ ಆದರೆ ಒಳ್ಳೆಯದು. ‘ಹ’ದಿಂದ ಶುರುವಾದರೆ ಜೋರಾಗಿ ಕೂಗುವಾಗ ಅದು ಉದುರಿಹೋಗುವುದು ಗ್ಯಾರಂಟಿ: ‘ಹನಿ’ ಹಿತ್ತಿಲಲ್ಲಿ ‘ಅನೀ’ ಆಗುತ್ತದೆ. ಮಹಾಪ್ರಾಣದ್ದೂ ಅದೇ ಕಥೆ. ‘ಘನ’ ಎಂದು ಎಷ್ಟೇ ಗಂಭೀರವಾಗಿ ಇಟ್ಟರೂ ಬೆಕ್ಕು ಕಲಿಯುವುದು ‘ಗನ’.

ಸ, ಶ ಇದ್ದರೆ ತೊಂದರೆಯಿಲ್ಲ, ಅವನ್ನು ಎಳೆಯಬಾರದು ಅಷ್ಟೆ. ‘ಸ್ಸ್ಸ್...’ ಎಂದು ಎಳೆದರೆ ಅದು ಬೆಕ್ಕು ಬುಸುಗುಟ್ಟುವ ಸದ್ದಿಗೆ ಹತ್ತಿರ. ಹೊಸದಾಗಿ ಬಂದ ಅಂಜುಬುರುಕ ಮರಿ ಅದಕ್ಕೆ ಮಂಚದಡಿ ಸೇರಿದರೆ ತಪ್ಪು ಅದರದ್ದಲ್ಲ.

ಮೂರನೆಯ ಲೆಕ್ಕವನ್ನು ಯಾರೂ ಮಾಡುವುದಿಲ್ಲ, ಹೆಚ್ಚು ಕೆಡುವುದೂ ಅಲ್ಲೇ. ಮನೆಯಲ್ಲಿ ಆಗಲೇ ದಿನಾ ಓಡಾಡುವ ಪದಗಳ ಜೊತೆ ಹೆಸರು ಡಿಕ್ಕಿ ಹೊಡೆಯಬಾರದು. ‘ಇಳೆ’ ಎಷ್ಟು ಚೆಲುವಾದ ಹೆಸರು! ಆದರೆ ಅಡುಗೆಮನೆಯ ಕಟ್ಟೆ ಹತ್ತಿದ ಬೆಕ್ಕಿಗೆ ದಿನಕ್ಕೆ ಹತ್ತು ಸಲ ‘ಇಳಿ! ಇಳಿ!’ ಎಂದು ಗದರುವ ಮನೆಯಲ್ಲಿ ಅದು ನಿಲ್ಲುವುದಿಲ್ಲ. ಕರೆಯುವುದೂ ಗದರುವುದೂ ಒಂದೇ ಸದ್ದಾಗಿಬಿಡುತ್ತದೆ. ‘ಬೇಬಿ’ ಮತ್ತು ‘ಬೇಡ’, ‘ಸಾಕಿ’ ಮತ್ತು ‘ಸಾಕು’ ಕೂಡ ಹೀಗೆಯೇ. ಮಕ್ಕಳನ್ನು ‘ಪುಟ್ಟಿ’, ‘ಚಿನ್ನು’, ‘ಬಂಗಾರಿ’ ಎಂದು ಕರೆಯುವ ಮನೆಯಲ್ಲಿ ಬೆಕ್ಕಿಗೂ ಅದನ್ನೇ ಇಟ್ಟರೆ, ಮಗು ಊಟಕ್ಕೆ ಬರುವ ಹೊತ್ತಿಗೆ ಬೆಕ್ಕು ಕುರ್ಚಿಯ ಮೇಲಿರುತ್ತದೆ. ಅದಾದರೂ ಪರವಾಗಿಲ್ಲ. ನೂರು ಸಲ ತನಗೆ ಸಂಬಂಧವಿಲ್ಲದ ಕಡೆ ಆ ಸದ್ದು ಕೇಳಿ, ಇದಕ್ಕೆ ಕಿವಿ ಕೊಡಬೇಕಾದ್ದಿಲ್ಲ ಎಂದು ಬೆಕ್ಕು ಕಲಿತುಬಿಡುವುದು ನಿಜವಾದ ನಷ್ಟ.

ಅವಸರ ಬೇಡ, ಮರಿ ಬದಲಾಗುತ್ತದೆ

ಮೂರು ವಾರದ ಮರಿಯ ಕಣ್ಣು ನೋಡಿ ‘ನೀಲಿ’ ಎಂದು ಹೆಸರಿಡಬೇಡಿ. ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿಯೇ. ಪಾಪೆಯ ಸುತ್ತ ಬಣ್ಣದ ಕಣಗಳು ತಯಾರಾಗುವುದು ಆರೇಳು ವಾರದ ಹೊತ್ತಿಗೆ ಶುರುವಾಗಿ, ಮೂರು ನಾಲ್ಕು ತಿಂಗಳಿಗೆ ಹಳದಿ, ಹಸಿರು ಅಥವಾ ತಾಮ್ರದ ಬಣ್ಣ ನೆಲೆಯಾಗುತ್ತದೆ. ಸಯಾಮೀಸ್ ಮರಿ ಹುಟ್ಟುವಾಗ ಬಿಳಿ. ಅದರ ಮೈಬಣ್ಣ ತಯಾರಿಸುವ ಕಿಣ್ವ ತಂಪಿದ್ದಲ್ಲಿ ಮಾತ್ರ ಕೆಲಸ ಮಾಡುತ್ತದೆ, ತಾಯಿಯ ಹೊಟ್ಟೆಯ ಬಿಸಿಯಲ್ಲಿ ಅಲ್ಲ. ಹೊರಗೆ ಬಂದ ಮೇಲೆ ಕಿವಿ, ಮೂತಿ, ಪಾದ, ಬಾಲ ಹೀಗೆ ಮೈಯ ತಣ್ಣನೆಯ ತುದಿಗಳು ಒಂದೊಂದಾಗಿ ಕಪ್ಪಾಗುತ್ತವೆ. ಆಗ ‘ಹಾಲಿ’ ಎಂದು ಇಟ್ಟ ಹೆಸರಿಗೆ ಮಸಿ ಬಳಿದ ಹಾಗಾಗುತ್ತದೆ. ಬಸುರಿನಲ್ಲಿ ತಾಯಿಗೆ ಜ್ವರ ಬಂದಿದ್ದರೆ ಮರಿಗಳು ಬೂದು ಮಿಶ್ರಿತ ಬಣ್ಣದಲ್ಲಿ ಹುಟ್ಟಿ, ಕೆಲವು ತಿಂಗಳಲ್ಲಿ ಆ ಬೂದಿಯೆಲ್ಲ ಉದುರಿ ಬೇರೆಯೇ ಬಣ್ಣ ಹೊರಬರುವುದೂ ಉಂಟು. ಕರಿ ಮರಿಯ ಮೈಮೇಲಿನ ಮಸುಕು ಪಟ್ಟೆಗಳೂ ದೊಡ್ಡದಾಗುತ್ತ ಮಾಯ.

ಇನ್ನು ಗಂಡೋ ಹೆಣ್ಣೋ ಎಂಬ ತಕರಾರು. 1914ರಲ್ಲಿ ಅನ್ವೇಷಕ ಶಾಕಲ್ಟನ್ ಅಂಟಾರ್ಕ್ಟಿಕಕ್ಕೆ ಹೊರಟ ಹಡಗಿನಲ್ಲಿ ಬಡಗಿಯ ಜೊತೆ ಬಂದ ಬೆಕ್ಕಿಗೆ ‘ಮಿಸೆಸ್ ಚಿಪ್ಪಿ’ ಎಂದು ಹೆಸರಾಯಿತು. ‘ಚಿಪ್ಪಿ’ ಎಂದರೆ ಇಂಗ್ಲಿಷ್ ಆಡುಮಾತಿನಲ್ಲಿ ಬಡಗಿ; ಬೆಕ್ಕು ಬಡಗಿಯ ಬೆನ್ನು ಬಿಡದೆ ಹೆಂಡತಿಯ ಹಾಗೆ ಹಿಂದೆ ಸುತ್ತುತ್ತಿತ್ತಂತೆ. ಹಡಗು ಹೊರಟು ತಿಂಗಳಾದ ಮೇಲೆ ಅದು ಗಂಡು ಎಂದು ಗೊತ್ತಾಯಿತು. ಹೆಸರು ಹಾಗೇ ಉಳಿಯಿತು.

ಬಾಲ ಎತ್ತಿ ನೋಡುವ ಕ್ರಮ ಹೀಗೆ. ಮೇಲಿನದು ಗುದದ್ವಾರ. ಅದರ ಕೆಳಗೆ, ಹೆಣ್ಣಿನಲ್ಲಿ ತೀರ ಹತ್ತಿರದಲ್ಲೇ, ನಿಂತ ಗೀರಿನಂಥ ತೆರಪು ಇರುತ್ತದೆ, ತಲೆಕೆಳಗಾದ ಆಶ್ಚರ್ಯಸೂಚಕದ ಹಾಗೆ. ಗಂಡಿನಲ್ಲಿ ಎರಡೂ ದುಂಡು ಚುಕ್ಕೆ, ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಜಾಗ. ಥೇಟ್ ವಿಸರ್ಗ. ಒಂದೇ ಮರಿ ಇದ್ದರೆ ಮೋಸಹೋಗುವುದು ಸುಲಭ. ಒಂದೇ ಸೂಲಿನ ಎರಡು ಮೂರು ಮರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಂತರದ ವ್ಯತ್ಯಾಸ ಎದ್ದು ಕಾಣುತ್ತದೆ. ಎಂಟು ವಾರದ ಹೊತ್ತಿಗೆ ಗಂಡಿನ ಬೀಜ ಕೈಗೆ ಸಿಗುವುದರಿಂದ ಅನುಮಾನ ಉಳಿಯುವುದಿಲ್ಲ. ಬಣ್ಣವೂ ಸುಳಿವು ಕೊಡುತ್ತದೆ. ಕೆಂಚು ಬಣ್ಣದ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ, ಗಂಡಿಗೆ ಒಂದೇ ಎಕ್ಸ್ ಇರುವುದರಿಂದ ಒಂದು ಪ್ರತಿ ಸಾಕು, ಹೆಣ್ಣಿಗೆ ಎರಡು ಬೇಕು. ಆದ್ದರಿಂದ ಪೂರ್ತಿ ಕೆಂಚು ಬೆಕ್ಕುಗಳಲ್ಲಿ ಐದಕ್ಕೆ ನಾಲ್ಕು ಗಂಡು. ಕಪ್ಪು ಕೆಂಚು ಎರಡೂ ಬೆರೆತದ್ದು ಹೆಚ್ಚುಕಡಿಮೆ ಹೆಣ್ಣೇ, ಗಂಡು ಸಿಕ್ಕರೆ ಅದು ಸಾಮಾನ್ಯವಾಗಿ ಎರಡು ಎಕ್ಸ್, ಒಂದು ವೈ ವರ್ಣತಂತು ಇರುವ ಅಪರೂಪದ ಎಕ್ಸ್‌ಎಕ್ಸ್‌ವೈ.

ತೀರ್ಮಾನವಾಗದಿದ್ದರೆ ಭಾಷೆಯೇ ದಾರಿ ತೋರಿಸುತ್ತದೆ. ‘ಗುಂಡ’ ಗಂಡು, ಅದನ್ನೇ ಹೆಣ್ಣು ಮಾಡಲು ಹೋದರೆ ‘ಗುಂಡಿ’ ಆಗಿ ಅಂಗಿಗೆ ಹೊಲಿಯಬೇಕಾಗುತ್ತದೆ. ‘ಗುಂಡು’ ಎಂದರೆ ಯಾವ ಕಡೆಗೂ ಸಲ್ಲುತ್ತದೆ. ಉಕಾರ, ಎಕಾರದಲ್ಲಿ ಮುಗಿಯುವ ವಸ್ತುವಾಚಕಗಳಿಗೆ ಈ ತಾಪತ್ರಯವೇ ಇಲ್ಲ. ಹೆಸರಿಡದೆ ಒಂದು ವಾರ ಕಾದರೆ ಬೆಕ್ಕಿಗೇನೂ ನಷ್ಟವಿಲ್ಲ. ಕಷ್ಟ ನಮಗೆ. 1963ರಲ್ಲಿ ಫ್ರಾನ್ಸ್ ಬಾಹ್ಯಾಕಾಶಕ್ಕೆ ಕಳಿಸಲು ತರಬೇತಿ ಕೊಟ್ಟ 14 ಬೆಕ್ಕುಗಳಿಗೆ ಬೇಕೆಂದೇ ಹೆಸರಿಟ್ಟಿರಲಿಲ್ಲ, ಇಟ್ಟರೆ ವಿಜ್ಞಾನಿಗಳಿಗೆ ಮಮತೆ ಹುಟ್ಟೀತು ಎಂದು. ಅಕ್ಟೋಬರ್ 18ರಂದು ಹಾರಿ ಜೀವಂತ ಮರಳಿದ ಬೆಕ್ಕಿಗೆ ‘ಫೆಲಿಸೆಟ್’ ಎಂಬ ಹೆಸರು ಬಂದದ್ದು ಹಾರಾಟದ ನಂತರ.

ಹೊಸ ಹೆಸರು ಎಲ್ಲಿ ಸಿಗುತ್ತದೆ

ಹೆಸರಿಡದೆ ಕಾಯುವ ಆ ಒಂದು ವಾರದಲ್ಲಿ ಮಾಡಬೇಕಾದ ಕೆಲಸ: ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು, ಬೆಕ್ಕು ಎಲ್ಲಿ ಹೇಗೆ ಮಲಗುತ್ತದೆ, ಯಾವ ಸದ್ದು ಮಾಡುತ್ತದೆ, ಏನನ್ನು ಬೆನ್ನಟ್ಟುತ್ತದೆ ಎಂದು ದಿನಕ್ಕೆ ಮೂರು ನಾಲ್ಕು ಸಾಲು ಗೀಚುವುದು. ಹೆಸರು ಸಾಮಾನ್ಯವಾಗಿ ಈ ಹಾಳೆಯಲ್ಲೇ ಇರುತ್ತದೆ. ಪಟ್ಟಿಯಿಂದ ತೆಗೆದ ಹೆಸರು ಸಾವಿರ ಬೆಕ್ಕಿಗೆ ಒಪ್ಪುತ್ತದೆ, ಆ ಕಾರಣಕ್ಕೇ ನಿಮ್ಮದಕ್ಕೆ ಒಪ್ಪುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಗಣಿ ನಮ್ಮ ಲಿಪಿ. ಕನ್ನಡದ ಅಕ್ಷರಗಳೆಲ್ಲ ಬೆಕ್ಕಿನ ಹಾಗೆ ದುಂಡು, ಬಾಲ ಬೇರೆ ಇದೆ. ಮೂತಿಯನ್ನು ಬಾಲದಡಿ ತುರುಕಿ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದಂತೆ ಸುತ್ತಿಕೊಂಡು ಮಲಗುವ ಬೆಕ್ಕು ‘ಸೊನ್ನೆ’. ಎರಡೇ ಅಕ್ಷರ, ನಡುವೆ ದ್ವಿತ್ವ, ಕೂಗಿದರೆ ‘ಸೊನ್ನೇ’ ಎಂದು ಚೆನ್ನಾಗಿ ಎಳೆಯಬಹುದು. ನಡೆಯುವಾಗ ಬಾಲದ ತುದಿಯನ್ನು ಮಾತ್ರ ಬಗ್ಗಿಸಿ ಎತ್ತಿಕೊಳ್ಳುವುದಕ್ಕೆ ‘ಕೊಂಬು’. ಕೆಲವು ಪಟ್ಟೆ ಬೆಕ್ಕುಗಳ ಪಕ್ಕೆಯಲ್ಲಿ ಗೆರೆಗಳು ನೇರ ಇಳಿಯದೆ ಒಂದು ಚುಕ್ಕೆಯ ಸುತ್ತ ಸುರುಳಿಯಾಗಿ ತಿರುಗಿರುತ್ತವೆ, ಎರಡೂ ಪಕ್ಕೆಯಲ್ಲಿ. ಅದನ್ನು ಕಂಡವರಿಗೆ ವಟ್ರಸುಳಿ ನೆನಪಾಗದೆ ಇರದು, ಕರೆಯುವ ಹೆಸರು ‘ಸುಳಿ’. ಬಿಳಿ ಬೆಕ್ಕಿನ ನೆತ್ತಿಯ ಮೇಲೆ ಮಾತ್ರ ಕಪ್ಪು ಇದ್ದರೆ ಅದು ಸಾಕ್ಷಾತ್ ತಲಕಟ್ಟು. ಕೂಗಲು ಉದ್ದವಾಯಿತು, ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮೊದಲ ಬೆಕ್ಕಿನ ಹೊಟ್ಟೆಯಡಿಯೇ ಸದಾ ನುಸುಳಿಕೊಂಡಿರುವ ಎರಡನೇ ಮರಿಗೆ ‘ಒತ್ತು’ ಎನ್ನುವುದಕ್ಕಿಂತ ಸರಿಯಾದ ಹೆಸರು ನನಗೆ ಹೊಳೆದಿಲ್ಲ.

ಇನ್ನೊಂದು ಗಣಿ ಜೋಡಿ ಪದಗಳು. ಗುರುಗುರು, ಪಿಳಿಪಿಳಿ, ಮಿಣಮಿಣ, ದಡಬಡ, ಸರಸರ: ಇವುಗಳ ಅರ್ಧ ಕತ್ತರಿಸಿದರೆ ಹೆಸರು ಸಿದ್ಧ. ನೋಡನೋಡುತ್ತ ನಿಧಾನ ಕಣ್ಣು ಮಿಟುಕಿಸುವ ಬೆಕ್ಕು ‘ಪಿಳಿ’. ನಿಂತ ನೆಲದಿಂದ ಚಂಗನೆ ಕಪಾಟಿನ ಮೇಲೇರುವುದು ‘ಚಂಗು’. ಹಗಲಿರುಳು ಗುರುಗುಟ್ಟುವ ಬೆಕ್ಕಿಗೆ ‘ಗುರು’ ಎಂದಿಟ್ಟರೆ ಅರ್ಥ ಎರಡೂ ಕಡೆಯಿಂದ ಬರುತ್ತದೆ. ಪಕ್ಕದ ಮನೆಯಲ್ಲಿ ಅದೇ ಹೆಸರಿನ ಮನುಷ್ಯರಿಲ್ಲ ಎಂದು ಖಚಿತ ಮಾಡಿಕೊಳ್ಳಿ, ‘ಗುರೂ, ಗೋಡೆ ಇಳಿಯೋ’ ಎಂದು ರಾತ್ರಿ ಕೂಗಬೇಕಾದವರು ನೀವು.

ಬಣ್ಣದಿಂದ ಹೆಸರು ಹುಡುಕುವುದು ಹಳೆಯ ದಾರಿ, ತಪ್ಪೇನಿಲ್ಲ, ಆದರೆ ಮೊದಲ ಮೆಟ್ಟಿಲಲ್ಲೇ ನಿಂತರೆ ಕರಿಯ, ಬಿಳಿಯ, ಕೆಂಚನ ಆಚೆ ಹೋಗುವುದಿಲ್ಲ. ‘ಎಂಥ ಕಪ್ಪು’ ಎಂದು ಇನ್ನೊಂದು ಪ್ರಶ್ನೆ ಕೇಳಿ. ಹೊಳಪಿಲ್ಲದ ಒಣ ಕಪ್ಪು ‘ಇದ್ದಿಲು’. ಎಣ್ಣೆ ಸವರಿದ ಹಾಗೆ ಮಿನುಗಿದರೆ ‘ಕಾಡಿಗೆ’. ಕಾಗದಕ್ಕೆ ಚೆಲ್ಲಿದ ಹಾಗೆ ಅಲ್ಲಲ್ಲಿ ಇದ್ದರೆ ‘ಮಸಿ’. ಬಿಸಿಲು ಕಾಯುವ ಕಪ್ಪು ಬೆಕ್ಕಿನ ಕೂದಲು ಕ್ರಮೇಣ ಕಂದಿ ಕೆಂಪಾಗುವುದುಂಟು, ಅಂಥದ್ದಕ್ಕೆ ‘ತುಕ್ಕು’. ಬೂದು ಬಣ್ಣದಲ್ಲಿ ‘ಸೀಸ’, ‘ಹೊಗೆ’, ‘ಮೋಡ’ ಮೂರೂ ಬೇರೆ. ಮೂರು ಬಣ್ಣದ ತೇಪೆಯ ಬೆಕ್ಕನ್ನು ನೋಡಿದರೆ ನನಗೆ ‘ಕೌದಿ’ ಬಿಟ್ಟು ಬೇರೆ ಪದವೇ ಬರುವುದಿಲ್ಲ.

ಬೆಕ್ಕು ಎಂಬ ಅರ್ಥದ ಪದಗಳನ್ನೇ ಹೆಸರಾಗಿಸುವುದೂ ಒಂದು ವಿದ್ಯೆ. ಕೆಲವೆಡೆ ಬಳಕೆಯಲ್ಲಿರುವ ‘ಕೊತ್ತಿ’ ಕೂಗಲು ಪಟಾಕಿಯ ಹಾಗಿದೆ. ಹಳಗನ್ನಡದ ‘ಬೆರ್ಕು’ ಇದೆ. ಸಂಸ್ಕೃತದಲ್ಲಿ ಬಿಡಾಲ, ಮಾರ್ಜಾರ, ಇಲಿ ತಿನ್ನುವವ ಎನ್ನುವ ಅರ್ಥದ ಆಖುಭುಕ್, ಜೊತೆಗೆ ‘ಓತು’. ಕೊನೆಯದು ಚಿಕ್ಕದು, ಚೊಕ್ಕದು, ಆದರೆ ನಮ್ಮವರ ಕಿವಿಗೆ ಓತಿಕ್ಯಾತವೇ ಕಾಣಿಸಿಕೊಳ್ಳುತ್ತದೆ. ಈ ಪದ್ಧತಿಗೆ ವಯಸ್ಸು ಕಡಿಮೆಯೇನಲ್ಲ. ಈಜಿಪ್ಟಿನ ರಾಜ ಮೂರನೇ ಅಮೆನ್‌ಹೋಟೆಪ್‌ನ ಮಗ ಥಟ್ಮೋಸ್ ತನ್ನ ಬೆಕ್ಕಿಗೆ ಸುಣ್ಣಕಲ್ಲಿನ ಶವಪೆಟ್ಟಿಗೆ ಮಾಡಿಸಿದ. ಅದರ ಮೇಲೆ ಕೆತ್ತಿದ ಹೆಸರು ‘ತಾ-ಮಿಯು’, ಅಂದರೆ ಹೆಣ್ಣುಬೆಕ್ಕು. ಮೂರು ಸಾವಿರ ವರ್ಷದ ಆಚೆಗೂ ಅದು ಮಿಯು ಎಂದೇ ಕೂಗುತ್ತಿತ್ತು ಎಂದಾಯಿತು.

ಬಾಳಿಕೆ ಬರದ ಹೆಸರುಗಳ ಬಗ್ಗೆ ಎರಡೇ ಮಾತು. ಈ ವರ್ಷ ಎಲ್ಲರೂ ನಗುತ್ತಿರುವ ಜೋಕು ಮುಂದಿನ ವರ್ಷಕ್ಕೆ ಹಳಸುತ್ತದೆ, ಮನೆಯೊಳಗಿನ ಬೆಕ್ಕು ಹದಿನೈದು ವರ್ಷ ಬದುಕಬಲ್ಲದು. ‘ಕಳ್ಳ’, ‘ದರಿದ್ರ’ ಎಂದು ಪ್ರೀತಿಯಿಂದಲೇ ಇಟ್ಟರೂ, ಕಾಯಿಲೆ ಬೆಕ್ಕನ್ನು ಎತ್ತಿಕೊಂಡು ಆಸ್ಪತ್ರೆಯಲ್ಲಿ ಕೂತಾಗ ಆ ಹೆಸರನ್ನು ಹೊರಗೆ ಕರೆಯುತ್ತಾರೆ ಎಂಬುದು ನೆನಪಿರಲಿ.

ಪರೀಕ್ಷೆ, ಕಲಿಕೆ

ಮೂರು ಹೆಸರು ಉಳಿಸಿಕೊಳ್ಳಿ. ದಿನಕ್ಕೊಂದರಂತೆ ಮನೆಮಂದಿಯೆಲ್ಲ ಬಳಸಿ ನೋಡಿ, ಆ ಮೂರು ದಿನ ಹೆಸರಿನ ಜೊತೆ ತಿಂಡಿ ಕೊಡಬೇಡಿ, ಬೇಡದ ಹೆಸರು ಅಂಟಿಕೊಂಡೀತು. ಹತ್ತು ಮೀಟರ್ ದೂರದಿಂದ ಕೂಗಿ. ಹತ್ತು ಸಲ ಬೇಗ ಬೇಗ ಹೇಳಿ, ನಾಲಿಗೆ ತೊಡರಿದರೆ ಬಿಟ್ಟುಬಿಡಿ. ‘ಬಾ’ ಸೇರಿಸಿ ಹೇಳಿ. ಪಿಸುದನಿಯಲ್ಲಿ ಹೇಳಿ, ಏಕೆಂದರೆ ಹೆದರಿದ ಬೆಕ್ಕನ್ನು ಸಮಾಧಾನ ಮಾಡುವಾಗ ಬೇಕಾಗುವುದು ಅದೇ. ಫೋನಿನಲ್ಲಿ ಯಾರಿಗಾದರೂ ಒಂದೇ ಸಲ ಹೇಳಿ, ಅವರು ‘ಏನಂದ್ರಿ?’ ಎನ್ನದೆ ಬರೆದುಕೊಂಡರೆ ಹೆಸರು ಪಾಸು. ಮನೆಯ ಅಜ್ಜಿಯ ಬಾಯಲ್ಲೂ ಎರಡು ವರ್ಷದ ಮಗುವಿನ ಬಾಯಲ್ಲೂ ಒಂದೇ ರೂಪದಲ್ಲಿ ಬರುವ ಹೆಸರಿದ್ದರೆ ಮಿಕ್ಕದ್ದನ್ನೆಲ್ಲ ಮರೆತು ಅದನ್ನೇ ಇಡಿ.

ಕಲಿಸಲು ಊಟಕ್ಕೆ ಸ್ವಲ್ಪ ಮೊದಲಿನ ಹೊತ್ತು ಒಳ್ಳೆಯದು. ಒಂದು ಮೀಟರ್ ದೂರದಲ್ಲಿ ಕೂತು, ಬೆಕ್ಕು ಬೇರೆ ಕಡೆ ನೋಡುತ್ತಿರುವಾಗ ಹೆಸರನ್ನು ಒಂದೇ ಸಲ ಹೇಳಿ. ಕಿವಿ ಅಥವಾ ತಲೆ ಇತ್ತ ತಿರುಗಿದ ಎರಡು ಸೆಕೆಂಡಿನೊಳಗೆ ಅರ್ಧ ಬಟಾಣಿಯಷ್ಟು ತಿಂಡಿ ಕೊಡಿ. ತಡವಾದರೆ ತಿಂಡಿ ಹೆಸರಿಗಲ್ಲ, ಆಮೇಲೆ ಮಾಡಿದ ಇನ್ನಾವುದಕ್ಕೋ ಸಂಬಳವಾಗುತ್ತದೆ. ಹೀಗೆ ಐದರಿಂದ ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ಎದ್ದು ಹೋದರೆ ಪಾಠ ಮುಗಿಯಿತು, ಬೆನ್ನಟ್ಟಬೇಡಿ. ದಿನದ ಆಹಾರದಲ್ಲಿ ಇಂಥ ತಿಂಡಿ ಹತ್ತನೇ ಒಂದು ಪಾಲು ಮೀರಬಾರದು. ಎರಡನೇ ವಾರ ಮೂರು ಮೀಟರ್, ಆಮೇಲೆ ಪಕ್ಕದ ಕೋಣೆ.

ಕೆಡುವುದು ಎಲ್ಲಿ ಎಂದರೆ, ತಿರುಗಲಿಲ್ಲವೆಂದು ‘ಸೊನ್ನೆ, ಸೊನ್ನೆ, ಸೊನ್ನೇ’ ಎಂದು ಜಪ ಮಾಡುವಲ್ಲಿ. ಮೊದಲ ಎರಡು ಸಲ ಏನೂ ಆಗುವುದಿಲ್ಲ ಎಂದು ಅದು ಕಲಿಯುತ್ತದೆ. ಇನ್ನೊಂದು, ಮಾತ್ರೆ ನುಂಗಿಸಲು, ಉಗುರು ಕತ್ತರಿಸಲು, ಬುಟ್ಟಿಗೆ ತುಂಬಲು ಹೆಸರು ಕೂಗುವುದು. ಆ ಕೆಲಸಗಳಿಗೆ ಸದ್ದಿಲ್ಲದೆ ಹೋಗಿ ಎತ್ತಿಕೊಳ್ಳಿ. ಗದರುವಾಗಲೂ ಹೆಸರು ಬೇಡ, ‘ಬೇಡ’ ಒಂದೇ ಸಾಕು.

ಪೂರ್ತಿ ಬಿಳಿ ಬೆಕ್ಕು, ಎರಡೂ ಕಣ್ಣು ನೀಲಿ, ಹೆಸರಿಗೆ ಮಾತ್ರವಲ್ಲ ಬಾಗಿಲು ಬಡಿದ ಸದ್ದಿಗೂ ತಿರುಗುತ್ತಿಲ್ಲ ಎಂದರೆ ಮೊಂಡುತನ ಎಂದುಕೊಳ್ಳುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅಂಥ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಹುಟ್ಟುಕಿವುಡು. ಒಂದೇ ಕಣ್ಣು ನೀಲಿಯಾಗಿದ್ದರೆ ಕಿವುಡು ಇರುವುದು ಸಾಮಾನ್ಯವಾಗಿ ಆ ಬದಿಯ ಕಿವಿಗೆ. ಕೇಳದ ಬೆಕ್ಕಿಗೂ ಹೆಸರು ಇರಬಹುದು: ಎರಡು ಬೆರಳು ಎತ್ತಿ ಮಡಿಸುವುದು, ಅಥವಾ ಟಾರ್ಚನ್ನು ನೆಲದ ಮೇಲೆ ಒಮ್ಮೆ ಹಾಯಿಸುವುದು. ಕಲಿಸುವ ಕ್ರಮ ಅದೇ, ಸದ್ದಿನ ಜಾಗದಲ್ಲಿ ಸನ್ನೆ. ಮನೆಯವರೆಲ್ಲ ಅದೇ ಬೆರಳು ಬಳಸಬೇಕು.

ಹೆಸರಿರುವ ಬೆಕ್ಕು ಬಂದಾಗ

ದೊಡ್ಡ ಬೆಕ್ಕನ್ನು ಮನೆಗೆ ತಂದಾಗ ಅದಕ್ಕಾಗಲೇ ಒಂದು ಹೆಸರಿದ್ದು, ನಿಮಗೆ ಅದು ಹಿಡಿಸದಿದ್ದರೆ ಬದಲಿಸಬಹುದು. ಕ್ರಮ ಮುಖ್ಯ: ಮೊದಲು ಹೊಸ ಹೆಸರು, ಬೆನ್ನಿಗೇ ಹಳೆಯದು, ಆಮೇಲೆ ತಿಂಡಿ. ‘ತುಕ್ಕು... ಟಾಮಿ’. ಗೊತ್ತಿರುವ ಸದ್ದು ಬರಲಿದೆ ಎಂದು ಹೊಸ ಸದ್ದು ಸೂಚಿಸಬೇಕು. ‘ಟಾಮಿ, ತುಕ್ಕು’ ಎಂದು ತಿರುಗಿಸಿ ಹೇಳಿದರೆ, ಹಳೆಯ ಹೆಸರಿಗೇ ಬೆಕ್ಕು ತಿರುಗಿ ನಿಂತಿರುತ್ತದೆ, ಹಿಂದೆ ಬಂದ ಹೊಸ ಸದ್ದು ಅದಕ್ಕೆ ಬೇಕಾಗುವುದೇ ಇಲ್ಲ. ತಿಂಗಳುಗಟ್ಟಲೆ ಹೇಳಿದರೂ ಕಲಿಯದ ಬೆಕ್ಕುಗಳ ಹಿಂದೆ ಬಹಳ ಸಲ ಇದೊಂದೇ ತಪ್ಪಿರುತ್ತದೆ. ಒಂದೆರಡು ವಾರದಲ್ಲಿ ಹಳೆಯದನ್ನು ಮೆಲ್ಲಗೆ ತಗ್ಗಿಸಿ ಬಿಡಿ. ಹಳೆಯ ಹೆಸರಿನ ಕೊನೆಯ ಸ್ವರವನ್ನೇ ಹೊಸದಕ್ಕೂ ಉಳಿಸಿಕೊಂಡರೆ ಇನ್ನೂ ಸಲೀಸು.

ಬದಲಿಸಿದ ಮೇಲೆ ಲಸಿಕೆ ಕಾರ್ಡು, ಡಾಕ್ಟರ ಕಡತ, ಗುರುತಿಗೆಂದು ಚರ್ಮದಡಿ ಇಟ್ಟ ಮೈಕ್ರೋಚಿಪ್ಪಿನ ನೋಂದಣಿ ಮೂರರಲ್ಲೂ ಒಂದೇ ಕಾಗುಣಿತದಲ್ಲಿ ತಿದ್ದಿಸಿ. ಮೈಕ್ರೋಚಿಪ್ಪಿನೊಳಗೆ ಹೆಸರಿರುವುದಿಲ್ಲ, 15 ಅಂಕಿಯ ಒಂದು ಸಂಖ್ಯೆ ಮಾತ್ರ. ಹೆಸರು, ಫೋನ್ ನಂಬರ್ ಎಲ್ಲ ಇರುವುದು ದಾಖಲೆಯಲ್ಲಿ. ಕೊರಳ ಬಿಲ್ಲೆ ಎರಡೂವರೆ ಸೆಂಟಿಮೀಟರ್ ಅಗಲ ಎಂದಿಟ್ಟುಕೊಂಡರೆ ಅದರಲ್ಲಿ ಜಾಗದ ಮೊದಲ ಹಕ್ಕು ಫೋನ್ ನಂಬರಿನದು. ಉಳಿದರೆ ಹೆಸರು. ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಪಟ್ಟಿಯನ್ನೇ ಕೊಳ್ಳಿ, ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ಹೋಗಬೇಕು.

ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಬೆಕ್ಕುಗಳಿದ್ದರೆ ಪ್ರಾಸ ಹಾಕುವ ಚಪಲ ಬಿಡಿ. ಚಿನ್ನಿ, ಮುನ್ನಿ, ಗಿನ್ನಿ ಫೋಟೋದ ಕೆಳಗೆ ಬರೆಯಲು ಚಂದ, ಕೂಗಿದಾಗ ಮೂರೂ ಒಂದೇ ‘ನ್ನೀ’. ಮೊದಲ ವ್ಯಂಜನವೂ ಕೊನೆಯ ಸ್ವರವೂ ಬೇರೆ ಇರಲಿ: ಕೊಂಬು, ಸುಳಿ, ಮೋಡ. ಊಟಕ್ಕೆ ಎಲ್ಲ ಹೆಸರನ್ನೂ ಒಟ್ಟಿಗೆ ಕೂಗಿ ಎಲ್ಲಕ್ಕೂ ಒಟ್ಟಿಗೆ ಬಡಿಸಿದರೆ ಯಾವ ಹೆಸರು ಕೇಳಿದರೂ ಎಲ್ಲವೂ ಬರುತ್ತವೆ. 2019ರ ಆ ಪ್ರಯೋಗದಲ್ಲೂ ಬೆಕ್ಕುಗಳ ಕೆಫೆಯಲ್ಲಿದ್ದವು ತಮ್ಮ ಹೆಸರನ್ನು ಬೇರೆ ಪದಗಳಿಂದ ಗುರುತಿಸಿದವು, ಜೊತೆಗಾರ ಬೆಕ್ಕುಗಳ ಹೆಸರಿನಿಂದ ಬೇರ್ಪಡಿಸಲಿಲ್ಲ. ಒಂದೊಂದನ್ನೇ ಕರೆದು ಅದರ ತಟ್ಟೆ ಅದಕ್ಕೇ ಇಡುವ ಮನೆಗಳಲ್ಲಿ ಈ ಗೊಂದಲ ಕಡಿಮೆ.

ಕೊನೆಗೆ ಒಂದು ಸೂಕ್ಷ್ಮ: ಹೋದ ಬೆಕ್ಕಿನ ಹೆಸರನ್ನೇ ಹೊಸ ಮರಿಗೆ ಇಡಬಹುದೇ? ಮನೆಯಲ್ಲಿ ಬೇರೆ ಬೆಕ್ಕಿಲ್ಲದಿದ್ದರೆ ಅದು ನಿಮಗೆ ಬಿಟ್ಟದ್ದು. ಬೆಕ್ಕಿದ್ದರೆ ಯೋಚಿಸಬೇಕು. 2022ರಲ್ಲಿ ಪ್ರಕಟವಾದ ಇನ್ನೊಂದು ಜಪಾನೀ ಪ್ರಯೋಗದಲ್ಲಿ, ಮನೆಯ ಒಂದು ಬೆಕ್ಕಿನ ಹೆಸರು ಕೇಳಿಸಿ ಪರದೆಯ ಮೇಲೆ ಬೇರೆ ಬೆಕ್ಕಿನ ಮುಖ ತೋರಿಸಿದಾಗ, ಜೊತೆಗಿದ್ದ ಬೆಕ್ಕುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಹೆಸರು ಕೇಳಿದೊಡನೆ ಅವುಗಳ ಮನಸ್ಸಿನಲ್ಲಿ ಒಂದು ಮುಖವಿತ್ತು. ಜಪಾನಿನ ಕಿಶಿ ರೈಲು ನಿಲ್ದಾಣಕ್ಕೆ 2007ರಲ್ಲಿ ಸ್ಟೇಷನ್ ಮಾಸ್ಟರ್ ಆದ ‘ತಾಮಾ’ ಎಂಬ ಬೆಕ್ಕು 2015ರಲ್ಲಿ ತೀರಿಕೊಂಡ ಮೇಲೆ ಆ ಕುರ್ಚಿಗೆ ಬಂದದ್ದು ‘ನಿತಾಮಾ’, ಎರಡನೇ ತಾಮಾ. ಹಳೆಯ ಹೆಸರಿಗೆ ಮೊದಲು ಒಂದೇ ಅಕ್ಷರ, ಕೂಗಿದರೆ ಬೇರೆ ಬೆಕ್ಕು.